ಹಾಳೆಯ ಮೇಲೆ ನಿಂತ ಮಾಣಿ

ಅಕ್ಕನಿಗೆ ಕೂಡಿಬರುತ್ತಿದ್ದ ಸಂಬಂಧವನ್ನು ಮುರಿಯುವ ಅಂಚಿಗೆ ತಂದವನು ನಾನೇ. ಅದೂ ನಾಲ್ಕು ಜನರನ್ನು ನಗಿಸುವ ಆಸೆಗೆ. ಮೊನ್ನೆ ಒಂದು ಊಟದ ಮನೆಯಲ್ಲಿ ಹಾಳೆತಟ್ಟೆಗೆ ಬಿಸಿ ಸಾರು ಬಿದ್ದು ಒಣ ಅಡಿಕೆಹಾಳೆಯ ವಾಸನೆ ಎದ್ದಾಗ, ಅನ್ನ ಕಲೆಸುವುದನ್ನು ಬಿಟ್ಟು ನಕ್ಕೆ. ಪಕ್ಕದವರು ತಮ್ಮ ಸಾರನ್ನು ಒಮ್ಮೆ ಅನುಮಾನದಿಂದ ನೋಡಿಕೊಂಡರು.

ಮತ್ತಿಘಟ್ಟದ ಕಡೆಯ ನಮ್ಮೂರಿನ ಹಿಂದೆ ಒಂದು ಬೋಳುಗುಡ್ಡವಿದೆ. ಬೇಸಿಗೆಯಲ್ಲಿ ಕೌಳಿಹಣ್ಣಿಗೆಂದು ಅದನ್ನು ಹತ್ತುತ್ತಿದ್ದೆವು. ನೆತ್ತಿ ಸುಟ್ಟುಕೊಂಡು, ಚಪ್ಪಲಿ ಕಿತ್ತುಕೊಂಡು ಇಳಿಯುತ್ತಿದ್ದೆವು. ಚಳಿಗಾಲದಲ್ಲಿ ಅದೇ ಗುಡ್ಡದ ಹುಲ್ಲು ಒಣಗಿ ಕರಡವಾಗುತ್ತದೆ, ನುಣ್ಣಗೆ ಹೊಳೆಯುತ್ತದೆ. ಕರಡ ಕೊಯ್ಯುವ ಮೊದಲಿನ ಆ ಕೆಲವು ದಿನ ನಮ್ಮವು. ಅಡಿಕೆಹಾಳೆಯ ಮೇಲೆ ಕೂತು, ಮುಂದಿನ ದಂಟನ್ನು ಲಗಾಮಿನಂತೆ ಹಿಡಿದು ಬಿಟ್ಟುಕೊಂಡರೆ ಆಯಿತು. ಅಷ್ಟು ಹೊತ್ತು ಹತ್ತಿದ್ದೆಲ್ಲ ಒಂದೇ ಉಸಿರಿಗೆ ಖರ್ಚು. ಅಕ್ಕನಷ್ಟು ನೇರವಾಗಿ ಜಾರುವವರು ಊರಲ್ಲಿರಲಿಲ್ಲ. ಡಿಗ್ರಿ ಮುಗಿದ ಮೇಲೂ ಅವಳು ಬಿಟ್ಟಿರಲಿಲ್ಲ. ಹೊರಗಿನವರೆದುರು ಮಾತ್ರ ಮನೆಯಲ್ಲಿ ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಯಲ್ಲಾಪುರದ ಕಡೆಯ ಮಾಣಿ ತಾಯಿಯೊಂದಿಗೆ ಅಕ್ಕನನ್ನು ನೋಡಲು ಬಂದ. ಹುಡುಗನಿಗೆ ಮಾಣಿ ಎನ್ನುವ ನಮ್ಮಲ್ಲಿ ಮದುವೆಗೆ ನಿಂತ ಗಂಡೂ ಮಾಣಿಯೇ. ಮನಾಲಿಗೆ ಹೋಗಿ ಹಿಮದಲ್ಲಿ ಜಾರಿದ್ದನ್ನು ಅವನು ವರ್ಣಿಸತೊಡಗಿದ. ನನ್ನ ನಾಲಿಗೆ ತುರಿಸಿತು. "ಅದೆಂತ ಮಹಾ! ಅಕ್ಕ ಇಲ್ಲೇ ಜಾರ್ತು" ಎಂದು ಎದ್ದು, ದುಪಟ್ಟಾ ಸೊಂಟಕ್ಕೆ ಬಿಗಿಯುವುದರಿಂದ ಹಿಡಿದು "ಹೋಯ್, ಬದಿಗೆ ಹೋಗ್ರೋ, ಆನು ಬಂದಿ!" ಎಂಬ ಕೂಗಿನವರೆಗೆ ಅವಳನ್ನು ಅಣಕಿಸಿ ತೋರಿಸಿದೆ. ಮಾಣಿ ಹೊಟ್ಟೆ ಹಿಡಿದು ನಕ್ಕ. ಅವನ ತಾಯಿ ಕಷಾಯದ ಲೋಟ ಕೆಳಗಿಟ್ಟರು.

ಅಕ್ಕ ಒಳಗೆ ಕರೆದು ಕಿವಿ ಹಿಂಡಿದಳು. "ಎಂಗೆ ಈ ಮಾಣಿ ಅಡ್ಡಿಲ್ಲೆ ಕಂಡಿದ್ದು. ಹಾಳ್ ಮಾಡಡ ಮಾರಾಯ."

ಅವಳ ನಡಿಗೆ, ಸೀನು, ಸಿಟ್ಟು ಎಲ್ಲ ನನಗೆ ಬಾಯಿಪಾಠ. ಅವಳಿಗೆ ಯಾರು ಹಿಡಿಸಿದರು, ಏನು ಬೇಕು ಎಂಬುದನ್ನು ಮಾತ್ರ ಆವತ್ತೇ ಮೊದಲು ಕೇಳಿದ್ದು. ಅಣಕಿಸುವವನ ಕಣ್ಣು ಇಷ್ಟೇ, ನೋಡಿ. ಹೊರಗೆ ಕಂಡದ್ದನ್ನು ಬಾಚಿಕೊಂಡು ಎಲ್ಲ ಸಿಕ್ಕಿತೆಂದು ಬೀಗುತ್ತದೆ.

ಅಷ್ಟರಲ್ಲಿ ಮಾಣಿ ತಾನೂ ಜಾರಬೇಕೆಂದು ಹಟ ಹಿಡಿದಿದ್ದ. ನಾಲ್ಕು ಹಾಳೆ ಹಿಡಿದು, ಅಪ್ಪನೂ ಅವನ ತಾಯಿಯೂ ಸೇರಿ ಎಲ್ಲರೂ ಗುಡ್ಡ ಹತ್ತಿದೆವು. "ಕೂತ್ಗಳಿ ಭಾವ" ಎಂದೆ.

"ತಡಿಯ, ಮನಾಲಿಲ್ಲಿ ನಿಂತ್ಕಂಡೇ ಜಾರದು" ಎಂದವನು ಎರಡು ಹಾಳೆಗಳ ಮೇಲೆ ಒಂದೊಂದು ಕಾಲಿಟ್ಟು ನಿಂತ. ಹಾಳೆಗಳಿಗೆ ಮನಾಲಿ ಗೊತ್ತಿರಲಿಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ ಹೋಯಿತು. ಮಾಣಿ ನಡುವೆ ಉರುಳುತ್ತ ಹೋಗಿ ಬುಡದ ಮುಳ್ಳುಮಟ್ಟಿಯೊಳಗೆ ಹೊಕ್ಕ.

"ಅಯ್ಯೋ ಮಗಾ!" ಎಂದು ತಾಯಿ ಕೂಗಿದರು. ನಾವೆಲ್ಲ ಕಾಲುದಾರಿ ಸುತ್ತಿ ಓಡಿದೆವು. ಅಕ್ಕ ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಆಮೇಲೆ ಉಳಿದಿದ್ದ ಹಾಳೆಯೊಂದನ್ನು ಎಳೆದುಕೊಂಡು, ಉಟ್ಟ ರೇಷ್ಮೆ ಸೀರೆಯಲ್ಲೇ ಕೂತುಬಿಟ್ಟಳು. ನಾವು ಬುಡ ಮುಟ್ಟುವಷ್ಟರಲ್ಲಿ ಅವನನ್ನು ಹೊರಗೆಳೆದು ಮೊಣಕೈಯ ಮುಳ್ಳು ಕೀಳುತ್ತಿದ್ದಳು.

ಏದುಸಿರು ಬಿಡುತ್ತ ಬಂದ ತಾಯಿ ಮಗನನ್ನು ನೋಡಿದರು, ಅಕ್ಕನ ಸೀರೆಗಂಟಿದ ಕರಡ ನೋಡಿದರು. "ಮದ್ವೆ ಆದ್ಮೇಲೂ ಹೀಂಗೇ ಜಾರ್ತ್ಯನೆ ಕೂಸೆ?"

ಅಪ್ಪ ಏನೋ ಹೇಳಹೋಗಿ ಕೆಮ್ಮಿದ.

ಅಕ್ಕನ ಉತ್ತರವನ್ನು ಈಗಲೂ ಭಾವ ನನ್ನಿಂದ ಹೇಳಿಸುತ್ತಾನೆ. ನನ್ನ ಗಂಟಲಲ್ಲಿ ಅದು ಒಮ್ಮೆ ಬಡಾಯಿಯಾಗುತ್ತದೆ, ಒಮ್ಮೆ ಬೇಡಿಕೆಯಾಗುತ್ತದೆ, ಅವಳದಾಗುವುದೇ ಇಲ್ಲ. ಮುಳ್ಳಿನಿಂದ ಕಣ್ಣೆತ್ತದೆ, ಸುಮ್ಮನೆ ವಿಚಾರಿಸುವಂತೆ ಅವಳು ಕೇಳಿದ್ದಳು:

"ನಿಮ್ಮನೆ ಹತ್ರ ಗುಡ್ಡ ಇದ್ದಾ, ಅತ್ತೆ?"