ತೂಬಿನ ಕಟ್ಟೆಯ ಮೇಲೆ ತುಂಬಿದ ಉಡಿ

ಹೊಸ ಅಕ್ಕಿಯ ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಒಂದು ವಾಸನೆ ಏಳುತ್ತದೆ, ಹಸಿ ಹುಲ್ಲನ್ನು ಹಾಲಿನಲ್ಲಿ ಕುದಿಸಿದ ಹಾಗೆ. ಲಿಂಗಸುಗೂರಿನ ನನ್ನ ಅಡುಗೆಮನೆಯಲ್ಲಿ ಗ್ಯಾಸಿನ ಒಲೆ ಒರೆಸುತ್ತ ನಿಂತಾಗಲೆಲ್ಲ ಆ ವಾಸನೆಯ ಬೆನ್ನಿಗೇ ಸಿಂಧನೂರು ಕಡೆಯ ನಮ್ಮ ಮನೆ ಬಂದು ನಿಲ್ಲುತ್ತದೆ. ವಳಕಮದಿನ್ನಿಯ ಹಾದಿಯಲ್ಲಿ, ಕಾಲುವೆಯ ಏರಿಗೆ ಬೆನ್ನು ಮಾಡಿ ಕೂತಿದ್ದ ಮಣ್ಣಿನ ಮಾಳಿಗೆ ಮನೆ. ಪಡಸಾಲೆಯಲ್ಲಿ ಸೂರು ಮುಟ್ಟುವಂತೆ ಪೇರಿಸಿದ ಭತ್ತದ ಚೀಲ, ಚೀಲಗಳ ಸಂದಿಯಲ್ಲಿ ಮರಿ ಹಾಕುವ ಬೆಕ್ಕು, ಒಳಗೆ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ರೊಟ್ಟಿ ಬಡಿಯುವ ಆಯಿ, ಎಂದರೆ ನನ್ನ ಅಪ್ಪನ ತಾಯಿ. ಈಗ ಅಲ್ಲಿ ಯಾರದೋ ರೈಸ್ ಮಿಲ್ಲಿನ ಭತ್ತ ಒಣಗಿಸುವ ಸಿಮೆಂಟಿನ ಅಂಗಳವಿದೆ. ನಿಮ್ಮ ಮನೆಯೂ ಹೀಗೆ ಸಿಮೆಂಟಿನ ಅಡಿ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ. ಇದು ಪಡಸಾಲೆ, ಇದು ಬಚ್ಚಲು ಎಂದು ಅಂಗಾಲು ತಾನೇ ಗುರುತು ಹಿಡಿಯುತ್ತ ಹೋಗುತ್ತದೆ.

ನಮ್ಮ ಮುತ್ಯಾನಿಗೆ, ಎಂದರೆ ಆಯಿಯ ಗಂಡನಿಗೆ, ಮುದಗಲ್ಲಿನ ಕೋಟೆಯ ಹುಚ್ಚು. ಎರಡು ನದಿಗಳ ನಡುವಿನ ಈ ನೆಲಕ್ಕಾಗಿ ಹೊಡೆದಾಡಿದ ರಾಜರ ಕಥೆಯನ್ನು ಸಂಜೆ ಕಟ್ಟೆಯ ಮೇಲೆ ಎಲೆ ಅಡಿಕೆ ಮಡಚುತ್ತ ಹೇಳುತ್ತಿದ್ದ. ತಲೆಮಾರುಗಟ್ಟಲೆ ಯುದ್ಧ, ಇಂದು ಕೋಟೆ ಇವರದು, ನಾಳೆ ಅವರದು. ಕೊನೆಗೆ ಒಂದೇ ದಿನದ ಕಾಳಗ, ಅಲ್ಲಿಗೆ ಎಲ್ಲ ತಿರುವುಮುರುವು. "ಮುಂದಿನ ಆನಿ ಒಂದ ಹೊಳ್ಳಿ ನಿಂತ್ತು ನೋಡು, ಹಿಂದಿನ ದಂಡೆಲ್ಲಾ ದಿಕ್ಕಾಪಾಲು," ಎಂದು ತಂಬಿಗೆಯನ್ನೇ ಆನೆ ಮಾಡಿ ತಿರುಗಿಸಿ ತೋರಿಸುತ್ತಿದ್ದ. ಒಳಗಿನಿಂದ ಆಯಿ, "ಆನಿ ಸುದ್ದಿ ಸಾಕ್ರಿ, ಎಮ್ಮಿಗೆ ನೀರ ತೋರಸ್ರಿ" ಎನ್ನುತ್ತಿದ್ದಳು. ಅಕ್ಕಿ ಆರಿಸುತ್ತಲೇ ಆಕೆ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು ಎಂಬುದು ತಿಳಿದದ್ದು ಆಮೇಲೆ.

ನಮ್ಮೂರಿನವರದೂ ಒಂದು ಯುದ್ಧವಿತ್ತು, ನೀರಿನದು. ಕಾಲುವೆಗೆ ನಾವು ಮೇಲಿನವರು. ನಮ್ಮ ಹೊಲ ದಾಟಿದ ಮೇಲೆ ಒಂದು ತೂಬು, ಆ ತೂಬಿನ ಗೇಟು ಎತ್ತಿದರಷ್ಟೇ ಕೆಳಗಿನ ಊರಿಗೆ ನೀರು, ಇಳಿಸಿದರಷ್ಟೇ ನಮ್ಮ ಗದ್ದೆಗೆ. ಅವರು ಬಂದು ಎತ್ತುವುದು, ನಮ್ಮವರು ಹೋಗಿ ಇಳಿಸುವುದು, ಬೈಗುಳ, ಕಲ್ಲು, ತಲೆಗೆ ಪಟ್ಟಿ. ನಾವು ಹುಟ್ಟುವ ಮೊದಲಿನಿಂದಲೂ ನಡೆದಿತ್ತು. ಆ ಕೆಳಗಿನ ಊರಿಗೇ ನಮ್ಮ ನೀಲಮ್ಮತ್ತೆಯನ್ನು, ಆಯಿಯ ಒಬ್ಬಳೇ ಮಗಳನ್ನು ಕೊಟ್ಟಿತ್ತು. ಪಂಚಮಿಗೆ ಆಕೆ ಬಂದಳೆಂದರೆ ಮನೆಯ ಗದ್ದಲವೇ ಬೇರೆ. ಎಳ್ಳುಂಡಿ, ಶೇಂಗಾ ಉಂಡಿ, ಬೇವಿನ ಮರಕ್ಕೆ ಜೋಕಾಲಿ. ಜೋಕಾಲಿಯಲ್ಲಿ ನಮ್ಮೆಲ್ಲರಿಗಿಂತ ಎತ್ತರ ಜೀಕುವವಳು ಅತ್ತೆಯೇ.

ಆ ವರ್ಷ ನಮ್ಮ ನಾಟಿ ಮುಗಿದು ಸಸಿ ಇನ್ನೂ ಬೇರು ಹಿಡಿಯುತ್ತಿತ್ತು. ಕೆಳಗಿನವರ ಸಸಿ ನಾಟಿಗೆ ನೀರಿಲ್ಲದೆ ಮಡಿಯಲ್ಲೇ ಬಲಿಯುತ್ತಿತ್ತು. ಒಂದು ಮುಂಜಾನೆ ಕೆಳಗಿನ ಊರಿನ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು ಗೇಟು ಎತ್ತಿಸಿ, ಯಾರೂ ಇಳಿಸದಂತೆ ತೂಬಿನ ಕಟ್ಟೆಯ ಮೇಲೆ ಒತ್ತಾಗಿ ಕೂತುಬಿಟ್ಟರು. ಎಲ್ಲರ ಮುಂದೆ ನೀಲಮ್ಮತ್ತೆ. "ನಾ ಈ ಊರ ಮಗಳು. ನನ್ನ ದಾಟಿ ಗೇಟಿಗೆ ಕೈ ಹಚ್ಚಾಂವ ಯಾಂವದಾನ, ಬರಲಿ ನೋಡತೀನಿ."

ಬರುವವರು ಯಾರು? ನಮ್ಮ ಗಂಡಸರು ಏರಿಯ ಮೇಲೆ ಬೀಡಿ ಸೇದುತ್ತ ನಿಂತರು. ಹಿರಿಯರೊಬ್ಬರು, "ಏನವ್ವಾ ನೀಲವ್ವಾ, ತವರಿನ ಅನ್ನ ಉಂಡು ತವರಿನ ನೀರಿಗೇ ಅಡ್ಡ ಕುಂತೀಯಲ್ಲ?" ಎಂದರು. "ಉಂಡೀನಿ ಕಾಕಾ. ಅದಕ್ಕ ಇನ್ನಾ ಮರ್ಯಾದಿಲೆ ಮಾತಾಡಾಕತ್ತೀನಿ." ಅತ್ತೆಯ ಪಕ್ಕ ಕೂತಿದ್ದ ಅವಳ ನೆರೆಮನೆಯ ಖಾಸೀಂಬಿ, "ಅರೆ ಕಾಕಾ, ಮಗಳು ಬಂದಾಳ, ಚಾ ಸೈತ ಕೇಳವಲ್ರಿ, ಎಂಥಾ ತವರ್ರಿ ಇದು!" ಎಂದದ್ದಕ್ಕೆ ನಮ್ಮ ಗಂಡಸರೂ ನಕ್ಕರು. ಮರುದಿನಕ್ಕೆ ಆ ನಗು ಉಳಿಯಲಿಲ್ಲ. ನಮ್ಮ ಗದ್ದೆಯಲ್ಲಿ ನೀರು ಇಂಗಿ ಕೆಸರು ಬಿರಿಯತೊಡಗಿತ್ತು. ಮುತ್ಯಾ ಆ ದಿನ ಕೋಟೆಯ ಕಥೆ ಹೇಳಲಿಲ್ಲ.

ಆಯಿ ಮಿಂದಳು. ಇಳಕಲ್ ಸೀರೆ ಉಟ್ಟಳು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣದ ಕೊಂಬು ಇಟ್ಟು, ಪಂಚಮಿಗೆ ಅತ್ತೆಗೆಂದೇ ಮಸ್ಕಿಯಿಂದ ತರಿಸಿದ್ದ ಹಸಿರು ಕುಪ್ಪಸದ ಖಣವನ್ನು ಪೆಟ್ಟಿಗೆಯಿಂದ ತೆಗೆದಳು. "ಎಲ್ಲಿಗಿ ಹೊಂಟಿ?" ಎಂದು ಮುತ್ಯಾ ಕೇಳಿದ್ದಕ್ಕೆ, "ನಿಮ್ಮ ಆನಿ ಹೊಳ್ಳಸಾಕ" ಎಂದಷ್ಟೇ ಹೇಳಿ ನಡೆದಳು. ನಾವು ಮಕ್ಕಳು ಹಿಂದೆ ಓಡಿದೆವು.

ದೂರದಿಂದ ತಟ್ಟೆ ಕಂಡು ಅತ್ತೆಯ ಮುಖ ಅರಳಿತು. "ಯವ್ವಾ, ಬುತ್ತಿ ತಂದೇನು?" ಹತ್ತಿರ ಬಂದಾಗ ತಟ್ಟೆಯಲ್ಲಿದ್ದುದು ಕಂಡಿತು. ನಮ್ಮ ಕಡೆ ತವರಿಗೆ ಬಂದ ಮಗಳು ಹೊರಡುವಾಗ ಅವಳ ಸೆರಗಿಗೆ ಅಕ್ಕಿ ಕಾಯಿ ಹಾಕಿ ಉಡಿ ತುಂಬುತ್ತಾರೆ. ಉಡಿ ಬೇಡವೆನ್ನುವುದು ತವರನ್ನೇ ಬೇಡವೆಂದಂತೆ. ತುಂಬಿಸಿಕೊಂಡವಳು ಮತ್ತೆ ಅಲ್ಲಿ ಕೂಡುವಂತಿಲ್ಲ. ಎದ್ದು, ಒಂದು ಕಾಳೂ ಚೆಲ್ಲದಂತೆ ಗಂಡನ ಮನೆಯ ದೇವರ ಮುಂದೆಯೇ ಇಳಿಸಬೇಕು.

"ಸೆರಗ ಒಡ್ಡು."

"ಬ್ಯಾಡ ಯವ್ವಾ. ಇವತ್ತ ಬ್ಯಾಡ. ಬೇಕಾರ ಬಡಿ ನನ್ನ."

"ಮನಿ ಮಗಳನ್ನ ಬರೇ ಉಡೀಲೆ ಕಳಸಾಕ ಬರತೈತೇನ ಬೇ? ಒಡ್ಡು."

ಅತ್ತೆಯ ಕೈ ಸೆರಗಿಗೆ ಹೋಯಿತು. ಮನಸ್ಸು ಒಪ್ಪುವ ಮೊದಲೇ ಕೈ ಒಪ್ಪಿತ್ತು ಎಂದು ಈಗ ನನಗೆ ಅನ್ನಿಸುತ್ತದೆ, ನನ್ನ ಕೈಯೂ ಹಾಗೆಯೇ ಮಾಡುತ್ತಿತ್ತು. ಆಯಿ ಬೊಗಸೆಬೊಗಸೆಯಾಗಿ ಹಾಕಿದಳು, ಒಂದು ಶಾಸ್ತ್ರವನ್ನೂ ಬಿಡಲಿಲ್ಲ, ಹಣೆಗೆ ಕುಂಕುಮ ಹಚ್ಚಿದಳು, ಬಾಯಿ ತುಂಬ ಹರಸಿದಳು. ಅತ್ತೆ ಎದ್ದಳು. ಸೆರಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಏರಿಯ ಮೇಲೆ ನಡೆದುಹೋದಳು. ಉಳಿದವರು ಆ ಊರಿನ ಸೊಸೆಯರು, ನಮ್ಮೂರ ಮಗಳೊಬ್ಬಳ ಧೈರ್ಯದ ಮೇಲೆ ಕೂತವರು. ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಎದ್ದ ಖಾಸೀಂಬಿ ಆಯಿಯ ಎದುರು ನಿಂತು, "ಬಡದಿದ್ರ ಚಲೋ ಇತ್ತವ್ವಾ" ಎಂದಳು. ಅವರು ಏರಿಯಿಂದ ಇಳಿಯುತ್ತಲೇ ಗೇಟು ಬಿತ್ತು. ಯಾರೋ ಟ್ರ್ಯಾಕ್ಟರಿನ ಹಾರನ್ ಒತ್ತಿ ಹಿಡಿದರು. ನಾವು ಮಕ್ಕಳು ಕುಣಿದೆವು.

ಯುದ್ಧ ಅಲ್ಲಿಗೆ ತಿರುಗಿತು. ಕೆಳಗಿನವರು ಮತ್ತೆಂದೂ ಒಟ್ಟಾಗಿ ಬಂದು ಕೂಡಲಿಲ್ಲ. ಆ ವರ್ಷ ಅವರ ಸಸಿ ಮಡಿಯಲ್ಲೇ ಹಳದಿಯಾಯಿತು, ಬರಬರುತ್ತ ಅವರು ಭತ್ತವನ್ನೇ ಬಿಟ್ಟರು. ಅತ್ತೆಯ ಗಂಡ ಹಟ್ಟಿಯ ಚಿನ್ನದ ಗಣಿಗೆ ಸೇರಿ ಪಾಳಿಯ ಕೆಲಸಕ್ಕೆ ಒಗ್ಗಿಕೊಂಡರು; ಅತ್ತೆ ಅಂಗಳವಿಲ್ಲದ ಎರಡು ಕೋಣೆಯ ಕ್ವಾರ್ಟರ್ಸಿಗೆ ಹೋದಳು. ನಮಗೆ ಆ ಸಲ ತೆನೆ ಬಾಗುವಂಥ ಬೆಳೆ. ಹೊಸ ಅಕ್ಕಿಯ ಅನ್ನ ಬಹಳ ರುಚಿಯಾಗಿತ್ತು, ಅದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ನಾನು ಓದಿದ್ದು, ಉಟ್ಟದ್ದು, ಮದುವೆಯಾದದ್ದು ಎಲ್ಲ ಆ ನೀರಿನಲ್ಲೇ. ತಪ್ಪು ಯಾರದೆಂದು ಕೇಳಿದರೆ ಬೆರಳು ಮಾಡಿ ತೋರಿಸಲಾರೆ. ಆಯಿ ಗದ್ದೆ ಉಳಿಸಿದಳು, ಗದ್ದೆ ನಮ್ಮನ್ನು ಸಾಕಿತು. ಆದರೆ ಅಂದಿನಿಂದ ಆಯಿ ಯಾರ ಉಡಿಯನ್ನೂ ತುಂಬಲಿಲ್ಲ. ತಟ್ಟೆ ಸಿದ್ಧ ಮಾಡಿ ನನ್ನ ಅವ್ವನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಅತ್ತೆ ಸಂಬಂಧ ಕಡಿಯಲಿಲ್ಲ. ನನ್ನ ಮದುವೆಗೆ ಬಂದಳು, ಮುತ್ಯಾ ತೀರಿದಾಗ ಬಂದಳು, ನಗುತ್ತಲೇ ಮಾತಾಡಿದಳು. ಕೂಡುತ್ತಿರಲಿಲ್ಲ ಅಷ್ಟೇ. ನಮ್ಮ ಮನೆಯಲ್ಲಿ ಅವಳು ಕೂತದ್ದನ್ನು ನಾವು ಯಾರೂ ಕಾಣಲಿಲ್ಲ. ನಿಂತೇ ಚಹ ಕುಡಿಯುವಳು, ಕಂಬಕ್ಕೆ ಒರಗಿ ಉಣ್ಣುವಳು. ಪಂಚಮಿಯ ಜೋಕಾಲಿ ಖಾಲಿಯಾಗಿಯೇ ಗಾಳಿಗೆ ಆಡುತ್ತಿತ್ತು.

ಆಯಿ ಹಾಸಿಗೆ ಹಿಡಿದಾಗ ಹಟ್ಟಿಯಿಂದ ಬಂದ ಅತ್ತೆಗೆ ಕೂದಲು ನೆರೆತಿತ್ತು. ಮಂಚದ ಪಕ್ಕ ನಿಂತಳು.

"ಕುಂಡ್ರ ಬೇ, ನೀಲವ್ವಾ."

"ಇರಲಿ ಬಿಡ ಯವ್ವಾ. ಬಸ್ಸಿನಾಗ ಕುಂತೇ ಬಂದೀನಿ."

ಆಯಿ ಹೊದಿಕೆಯಿಂದ ಎರಡೂ ಕೈ ಹೊರಗೆ ತೆಗೆದು ಅಂಗೈ ಬಿಚ್ಚಿ ಹಿಡಿದಳು. "ನೋಡು, ಏನೂ ಇಲ್ಲ. ಏನೂ ಹಾಕಂಗಿಲ್ಲ ನಾ. ಕುಂಡ್ರು."

ಅತ್ತೆ ಆ ಕೈಗಳನ್ನು ನೋಡಿದಳು. ಆಮೇಲೆ ನೆಲದ ಮೇಲೆ ಕೂತಳು. ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು, ಎರಡೂ ತೋಳು ಸುತ್ತಿ, ಉಡಿಯಲ್ಲಿ ಒಂದು ಹಿಡಿ ಅಕ್ಕಿಗೂ ಜಾಗ ಸಿಗದ ಹಾಗೆ ಕೂತಳು. ಆಯಿ ಅದನ್ನು ಬಹಳ ಹೊತ್ತು ನೋಡಿದಳು. ಕೈಗಳು ಹಾಗೆಯೇ ತೆರೆದಿದ್ದವು. ಕೊನೆಗೆ ಅವ್ವ ಹೋಗಿ ಅವುಗಳನ್ನು ಮೆಲ್ಲಗೆ ಹೊದಿಕೆಯೊಳಗೆ ಸೇರಿಸಿದಳು.