ಶೀತಲ ಮಣೆಯ ಮೇಲೆ ಕೂತದ್ದು

ಶೀತಲ ಹಿಂದಿನಿಂದ ಬಾಗಿಲ ಹಲಗೆಯ ಹಾಗೆ ಕಾಣುತ್ತಾಳೆಂದು ತವರಿನ ಅಣ್ಣಂದಿರು ಚೇಷ್ಟೆ ಮಾಡುತ್ತಿದ್ದರು. ಅಂದವರು ಮರೆತರು, ಅನ್ನಿಸಿಕೊಂಡವಳು ಮರೆಯಲಿಲ್ಲ. ಮದುವೆಯಾಗಿ ವಿಜಯಪುರದಿಂದ ಕಾಚಿಗೂಡದ ಮನೆಗೆ ಬಂದಳು, ಮಾದಾಪುರದಲ್ಲಿ ಅಕೌಂಟ್ಸ್ ಕೆಲಸ ಹಿಡಿದಳು, ಆದರೂ ಆ ಮಾತು ಜೊತೆಗೇ ಬಂತು. ಮೂವತ್ತೊಂದನೆಯ ವಯಸ್ಸಿನಲ್ಲಿ ಹೊಟ್ಟೆ, ತೊಡೆಗಳ ಕೊಬ್ಬು ತೆಗೆಸಿ ಪೃಷ್ಠಕ್ಕೆ ತುಂಬಿಸಿಕೊಂಡಳು. ಅವಳಿಗೆ ಬೇಕಿತ್ತು, ಮಾಡಿಸಿಕೊಂಡಳು. ಊರವರು ಹುಬ್ಬೇರಿಸುವಂಥದ್ದು ಇದರಲ್ಲಿ ನನಗೇನೂ ಕಾಣುವುದಿಲ್ಲ.

ಅತ್ತೆ ಅಂಬವ್ವನಿಗೆ ಮಾತ್ರ ಗೊತ್ತಾಗಬಾರದಿತ್ತು. ಸೊಸೆ ಹುಬ್ಬು ತಿದ್ದಿಸಿಕೊಂಡು ಬಂದದ್ದಕ್ಕೇ ಎರಡು ದಿನ ಮಾತು ಬಿಟ್ಟಿದ್ದ ಹೆಂಗಸು ಅವಳು. ಹಾಗಾಗಿ ಪುಣೆಯಲ್ಲಿ ಟ್ರೇನಿಂಗ್ ಎಂದು ಹೇಳಿ ಶೀತಲ ಗೆಳತಿ ರಶ್ಮಿಯ ಮನೆಯಲ್ಲಿ ಉಳಿದಳು. ವಿಷಯ ತಿಳಿದಿದ್ದ ಗಂಡ ಕಲ್ಲೇಶ ಬಾಲಾನಗರದ ಕಾರ್ಖಾನೆಗೂ ಮನೆಗೂ ಕಳ್ಳನ ಹಾಗೆ ಓಡಾಡಿಕೊಂಡಿದ್ದ.

ಆರು ವಾರ ಭಾರ ಊರಿ ಕೂರಬಾರದು, ಹೊಸ ಜಾಗದಲ್ಲಿ ಕೊಬ್ಬು ನೆಲೆಯೂರಬೇಕು ಎಂದು ಡಾಕ್ಟರು ಹೇಳಿದ್ದರು. ಮೂರನೆಯ ವಾರವೇ ನಾದಿನಿಯ ಕುಬಸ ಬಂತು. ಚೊಚ್ಚಲ ಬಸುರಿಯ ಆ ಸಂಭ್ರಮಕ್ಕೆ ಮನೆಯ ಸೊಸೆ ತಪ್ಪಿಸಿಕೊಳ್ಳುವುದುಂಟೇ? ಬಸುರಿಗೆ ಉಡಿ ತುಂಬಿದ ಮೇಲೆ ಅಂಬವ್ವ ಮಣೆ ಒರೆಸಿ, "ಬಾ ಶೀತಲ, ಕೂಡು" ಎಂದಳು. ಉಡಿ ಬೇಡವೆನ್ನುವಂತಿಲ್ಲ. ನಿಂತು ತುಂಬಿಸಿಕೊಳ್ಳುವ ಪದ್ಧತಿಯೂ ಇಲ್ಲ. ಕಾರಣ ಹೇಳಿದರೆ ಎಲ್ಲ ಬಯಲಾಗುತ್ತದೆ. ಶೀತಲ ಕೂತಳು, ಸ್ವಲ್ಪ ಎಡಕ್ಕೆ ವಾಲಿಕೊಂಡು. ಮುತ್ತೈದೆಯರು ಹಾಡು ಹೇಳುತ್ತ ಅಕ್ಕಿ, ಕೊಬ್ಬರಿ, ಕುಬಸದ ಕಣ ಹಾಕಿದರು. ಯಾರಿಗೂ ಅವಸರವಿರಲಿಲ್ಲ.

ಬಾವು ಇಳಿಯಿತು. ತುಂಬಿದ್ದರಲ್ಲಿ ಒಂದಷ್ಟು ಕರಗಿಹೋಯಿತು, ಅದು ಎಲ್ಲರಿಗೂ ಆಗುವಂಥದ್ದೇ. ಉಳಿದದ್ದು ಗಟ್ಟಿಯಾಗಿ ಉಳಿಯಿತು. ಒಂದು ವರ್ಷ ಸೀರೆ ಚೆನ್ನಾಗಿ ನಿಂತಿತು, ಶೀತಲ ಖುಷಿಯಾಗಿದ್ದಳು. ಆದರೆ ಎಡಭಾಗ ಬಲಕ್ಕಿಂತ ತುಸು ತಗ್ಗಿತ್ತು. ಮುಂದೆ ಥೈರಾಯ್ಡಿನಿಂದ ಮೈ ಬಂದಾಗ ಹೊಟ್ಟೆಯಿಂದ ಬಂದಿದ್ದ ಆ ಕೊಬ್ಬು ಕೂತಲ್ಲೇ ಬೆಳೆಯಿತು, ಬಲಕ್ಕೆ ಹೆಚ್ಚು, ಎಡಕ್ಕೆ ಕಡಿಮೆ. ಆರು ವರ್ಷ ಕಳೆಯುವಷ್ಟರಲ್ಲಿ ಎಡಕ್ಕೆ ಬಟ್ಟೆಯ ಮಡಿಕೆ ಇಟ್ಟುಕೊಳ್ಳದೆ ಅವಳು ಹೊರಗೆ ಹೋಗುತ್ತಿರಲಿಲ್ಲ. ಮಣೆಯ ಮೇಲೆ ಕೂತದ್ದರಿಂದ ಹೀಗಾಯಿತೇ ಎಂದು ಕೇಳಿದರೆ ಡಾಕ್ಟರು, ಇರಬಹುದು, ಇಲ್ಲದಿರಬಹುದು, ಖಾತ್ರಿಯಾಗಿ ಹೇಳಲಾಗದು ಎಂದರು. ಇನ್ನೊಮ್ಮೆ ತುಂಬಬಹುದು, ಆದರೆ ಎರಡೂ ಸಮ ಆಗುತ್ತವೆಂಬ ಭರವಸೆ ಇಲ್ಲ. ಅವಳಿಗೆ ಆಪರೇಷನ್ನಿಗಿಂತ ಮತ್ತೆ ಆರು ವಾರ ಸುಳ್ಳು ಹೇಳುವುದರ ಭಯವೇ ದೊಡ್ಡದಾಗಿತ್ತು.

ಒಂದು ಭಾನುವಾರ ಅತ್ತೆ ಸೊಸೆ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಅಂಬವ್ವ ಎದ್ದು ಹೋಗಿ ಹಳೆಯ ಕೌದಿಯ ತುಂಡೊಂದನ್ನು ಮಡಚಿ ತಂದಳು.

"ಎಡಗಡೆ ಇದನ್ನ ಹಾಕ್ಕೊಂಡು ಕೂಡು. ಸೊಂಟ ವಾಲಾಕತ್ತೈತಿ."

ಶೀತಲ ಸೊಪ್ಪನ್ನು ಕೆಳಗಿಟ್ಟಳು. "ನಿಮಗ ಯಾರು ಹೇಳಿದ್ರಿ ಅತ್ತಿ?"

"ಕಲ್ಲೇಶನ ಹೊಟ್ಟ್ಯಾಗ ಮಾತು ನಿಂತಾವೇನು? ಕುಬಸದ ಮರುದಿನಾನ ಹೇಳ್ಯಾನ."

"ಮತ್ತ ಇಷ್ಟು ವರ್ಷ ಒಂದು ಮಾತೂ ಆಡ್ಲಿಲ್ಲಲ್ರಿ?"

"ಭಾಳ ಸಿಟ್ಟು ಬಂದಿತ್ತು. ಆದ್ರ ಮಣಿ ಹಾಕಿ ಕೂಡಿಸಿದಾಕಿ ನಾನ. ನಾ ಏನಂತ ಬೈಲಿ?"

ಶೀತಲಳಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಡಾಕ್ಟರ ಮಾತನ್ನು ಹೇಳಿ ಸಮಾಧಾನ ಮಾಡಲು ನೋಡಿದಳು. ಅಂಬವ್ವ ನಂಬಲಿಲ್ಲ.

ಎರಡನೆಯ ಆಪರೇಷನ್ನಿಗೆ ಶೀತಲ ಯಾವ ಊರಿಗೂ ಟ್ರೇನಿಂಗಿಗೆ ಹೋಗಬೇಕಾಗಲಿಲ್ಲ. ಅದಾಗಿ ಮೂರು ವಾರಕ್ಕೆ ಶ್ರಾವಣದ ಪೂಜೆ ಬಂತು, ಮನೆ ತುಂಬ ಹೆಂಗಸರು. ಉಡಿಯ ಹೊತ್ತಿಗೆ ಬಸಲಿಂಗಮ್ಮನೆಂಬ ಹಿರಿಯಳು ಮಣೆ ಎಲ್ಲಿ ಎಂದು ಹುಡುಕತೊಡಗಿದಳು. ಅದನ್ನು ಅಂಬವ್ವ ಬೆಳಗ್ಗೆಯೇ ಅಟ್ಟಕ್ಕೆ ಹಾಕಿದ್ದಳು.

"ನಮ್ಮ ಸೊಸಿ ಕೂಡಂಗಿಲ್ಲ. ನಿಂತಾಕಿಗೇ ತುಂಬ್ರಿ."

"ನಿಂತಾಕಿಗೆ ಎಲ್ಲೆರ ಉಡಿ ತುಂಬತಾರೇನ, ಅಂಬವ್ವ?"

"ಇಲ್ಲಿ ತುಂಬತಾರ" ಎಂದು ಅಂಬವ್ವ ಮೊದಲ ಹಿಡಿ ಅಕ್ಕಿಯನ್ನು ತಾನೇ ಹಾಕಿದಳು.