ಶಕುನದ ಮುಂಗುಸಿ

ನನ್ನ ನಾಯಿಯನ್ನು ಹೊಳೆಯಾಚೆ ಬಿಟ್ಟು ಬಂದವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅವರಲ್ಲಿ ಯಾರೂ ಈಗ ಬದುಕಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಇಟ್ಟುಕೊಂಡಿದ್ದೇನೆ, ಏನು ಮಾಡುತ್ತಾರೋ ಮಾಡಲಿ.

ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ನಾನು ಶಾಂತಿಗ್ರಾಮದ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಅರಕಲಗೂಡಿನ ಕಡೆಯ ನನ್ನ ತವರಿನಿಂದ ಒಂದು ಕೆಂಚು ನಾಯಿಯೂ ಗಾಡಿಯ ಹಿಂದೆಯೇ ನಡೆದು ಬಂತು. ಎಷ್ಟು ಅಟ್ಟಿದರೂ ವಾಪಸ್ಸು ಹೋಗಲಿಲ್ಲ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಅತ್ತೆಯ ಕೋಳಿಗಳು ಹಗಲೆಲ್ಲ ಹಿತ್ತಲಿನ ಹುಲ್ಲಿನ ಮೆದೆಯ ಬುಡದಲ್ಲಿ ಕೆದಕಿಕೊಂಡು ಇರುತ್ತಿದ್ದವು. ಮೈದುನನಿಗೆ ಹೆಣ್ಣು ನೋಡಲು ಹೊಳೆನರಸೀಪುರದ ಕಡೆ ಹೊರಡಬೇಕಿದ್ದ ದಿನ ಬೆಳಿಗ್ಗೆ, ಅತ್ತೆ ಹಿತ್ತಲಿಂದ ಓಡಿಬಂದು ಮುಂಗುಸಿ ಕಂಡಿತೆಂದು ಕೈಮುಗಿದು ಕೆನ್ನೆ ಬಡಿದುಕೊಂಡರು. ಹೊರಡುವ ಹೊತ್ತಿನಲ್ಲಿ ಮುಂಗುಸಿ ಕಂಡರೆ ಹೋದ ಕೆಲಸ ಆದಂತೆಯೇ. ಮನೆಯವರೆಲ್ಲ ಹಿಗ್ಗಿದರು. ಬುತ್ತಿ ಕಟ್ಟಿಟ್ಟು ನಾನು ಹಿತ್ತಲಿಗೆ ಹೋದರೆ ಮೆದೆಯ ಹಿಂದೆ ನಾಲ್ಕು ಕೋಳಿ ಸತ್ತು ಬಿದ್ದಿದ್ದವು. ನಾಯಿ ಅಲ್ಲೇ ನಿಂತು ಒಂದನ್ನು ಮೂಸುತ್ತಿತ್ತು. ನನ್ನ ಹಿಂದೆಯೇ ಬಂದ ಅತ್ತೆಗೆ ಅಷ್ಟು ಸಾಕಾಯಿತು.

"ನೋಡೇ, ನಿನ್ ತವರಿನ ಉಡುಗೊರೆ ಮಾಡಿರೋ ಕೆಲ್ಸವ!"

ನಾನು ಒಂದೊಂದೇ ಕೋಳಿ ಎತ್ತಿ ನೋಡಿದೆ. ಸತ್ತ ಕೋಳಿ ನೋಡಿ ಕೊಂದದ್ದು ಯಾವುದು ಅಂತ ಹೇಳುವುದನ್ನು ನನ್ನವ್ವನಿಂದ ಕಲಿತಿದ್ದೆ. ನಾಯಿ ಹಿಡಿದಿದ್ದರೆ ಕೊಡವಿ ಕೊಡವಿ ಪಕ್ಕೆ ಮುರಿದಿರಬೇಕು, ಪುಕ್ಕವೆಲ್ಲ ಜೊಲ್ಲಿನಲ್ಲಿ ನೆಂದಿರಬೇಕು. ನರಿಯಾದರೆ ಕೋಳಿಯೇ ಸಿಗುವುದಿಲ್ಲ, ಹೊಲದ ಬದುವಿನವರೆಗೂ ಪುಕ್ಕ ಸಿಗುತ್ತದೆ ಅಷ್ಟೆ. ಇಲ್ಲಿ ನಾಲ್ಕೂ ಇಡಿಯಾಗಿದ್ದವು, ಮೈ ಒಣಗಿತ್ತು. ಕುತ್ತಿಗೆಯ ಪುಕ್ಕ ಸರಿಸಿದರೆ ತಲೆಯ ಹಿಂದೆ ಸಣ್ಣ ಹಲ್ಲಿನ ತೂತುಗಳು. ಕತ್ತು ಕಚ್ಚಿ, ರಕ್ತ ಹೀರಿ, ಮಾಂಸ ಬಿಟ್ಟು ಹೋಗುವುದು ಯಾವುದು ಅಂತ ನಮ್ಮ ಕಡೆ ಕೂಸಿಗೂ ಗೊತ್ತು.

ಕೋಳಿ ಹಿಡಿದುಕೊಂಡು ನೇರ ಮಾವನ ಮುಂದೆ ನಿಂತೆ. "ಮಾವ, ಇದು ಮುಂಗುಸಿ ಕೆಲ್ಸ. ನಾಯೀದಲ್ಲ," ಅಂದೆ. ಅವರೆದುರು ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

ಮಾವ ಬೆರಳಿನಿಂದ ತೂತು ಮುಟ್ಟಿ ನೋಡಿದರು. ಅವರಿಗೆ ಗೊತ್ತಾಯಿತು. ಗೊತ್ತಾದದ್ದು ಅವರ ಮುಖದಲ್ಲಿ ನನಗೆ ಕಂಡಿತು.

"ಸುಮ್ಕಿರವ್ವ," ಅಂದರು ತಗ್ಗಿದ ದನಿಯಲ್ಲಿ. "ಒಳ್ಳೇ ಸಕುನ ಆಗದೆ. ಅದ್ರ ಮ್ಯಾಲೆ ತಪ್ಪು ಒರ್ಸುದ್ರೆ ಓದ ಕೆಲ್ಸ ಆದಾತಾ?"

ಎಂಥ ನ್ಯಾಯ! ಮುಂಗುಸಿಯ ಮರ್ಯಾದೆ ಉಳಿಯಬೇಕು, ಅದಕ್ಕೆ ನನ್ನ ನಾಯಿ ಕಳ್ಳ ಆಗಬೇಕು. ಹೆಣ್ಣು ನೋಡಲು ಹೊರಟ ಅದೇ ಗಾಡಿಗೆ ಅದನ್ನು ಕಟ್ಟಿದರು. ತವರಿಗೆ ಹೊರಟಿದ್ದೇವೆ ಅಂದುಕೊಂಡಿತೋ ಏನೋ, ಬಾಲ ಆಡಿಸಿಕೊಂಡೇ ಹೋಯಿತು. ಹೊಳೆ ದಾಟಿಸಿ, ಕಲ್ಲು ಹೊಡೆದು ಓಡಿಸಿದೆವು ಅಂತ ಮೈದುನ ಮಾರನೆಯ ಸಂಜೆ ನಗುನಗುತ್ತ ಹೇಳಿದ. ಹೆಣ್ಣು ಒಪ್ಪಿಗೆಯಾಗಿತ್ತು. ಮನೆಗೆಲ್ಲ ಪಾಯಸ. ಬಡಿಸಿದವಳು ನಾನೇ. ಇಷ್ಟೆಲ್ಲ ಆದರೂ ತುಟಿ ಬಿಚ್ಚದಿದ್ದ ನನ್ನ ಗಂಡ, "ಇನ್ನೊಂದ್ ಸವ್ಟು ಬುಡು" ಅಂತ ತಟ್ಟೆ ಮುಂದೆ ಮಾಡಿದ. ಬಿಟ್ಟೆ. ಮುಖಕ್ಕೆ ಎರಚಬೇಕಿತ್ತು.

ಎಂಟು ದಿನ ಕಳೆದಿರಲಿಲ್ಲ, ಮೆದೆಯ ಹಿಂದೆ ಮತ್ತೆ ಮೂರು ಕೋಳಿ ಸತ್ತವು. ಈಗಲಾದರೂ ಒಬ್ಬರ ಬಾಯಲ್ಲಿ ನಿಜ ಬಂದೀತು ಅಂತ ಮೂರನ್ನೂ ತಂದು ಅತ್ತೆಯ ಕಾಲ ಬಳಿ ಹಾಕಿದೆ. ಅವರು ಕುತ್ತಿಗೆಯ ಪುಕ್ಕ ಸರಿಸಿ ನೋಡಿದರು. ನೋಡಿ, ಒಲೆಗೆ ನೀರಿಡು ಅಂದರು.

ಆಮೇಲೆ, ನನ್ನ ಮುಖ ನೋಡದೆ, "ತಿರ್ಗಾ ಬಂದ್ಬುಟ್ಟದೆ ಕಣಮ್ಮಿ ಆ ನಿನ್ ನಾಯಿ," ಅಂದರು.

ಅದು ಸುಳ್ಳು ಅಂತ ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ನಾನು ಸೆರಗು ಜಾರಿದ್ದೂ ಕಾಣದೆ ಬೀದಿಗೆ ಓಡಿ, ಹೊಳೆನರಸೀಪುರದ ದಾರಿಯಲ್ಲಿ ನಿಂತು, ಗಂಟಲು ಹರಿಯುವಂತೆ ನಾಯಿಯನ್ನು ಕೂಗಿದೆ.